ಕಲ್ಲಿನಡಿಗೆ ಏನು ಹಾಕುವುದು

ಅಂಗಳಕ್ಕೆ ಕಲ್ಲು ಹಾಸುವುದೇನೂ ದೊಡ್ಡ ವಿದ್ಯೆಯಲ್ಲ. ಕಲ್ಲಿನಡಿಗೆ ಏನು ಹಾಕುತ್ತೀರಿ ಅನ್ನುವುದೇ ತಲೆನೋವು. ಬೇರೆ ಊರುಗಳಲ್ಲಿ ಅದನ್ನು ಗಾರೆಯವನೇ ನಿಂತ ನಿಲುವಿನಲ್ಲಿ ಹೇಳಿಬಿಡುತ್ತಾನಂತೆ. ನಮ್ಮೂರಲ್ಲಿ ಹಾಗಲ್ಲ. ಮನೆಮಂದಿಯೆಲ್ಲ ಕೂತು, ಮಾತಿಗೆ ಮಾತು ಬೆಳೆದು, ಒಬ್ಬರಾದರೂ ತಟ್ಟೆ ಸರಿಸಿ ಎದ್ದುಹೋದ ಮೇಲೆಯೇ ಅದು ತೀರ್ಮಾನವಾಗುವುದು. ಯಾಕೆಂದರೆ ನಮ್ಮೂರಿನ ಮಣ್ಣು ತನ್ನ ಮೇಲೆ ನಡೆದವರ ಹೆಜ್ಜೆಯ ಸದ್ದನ್ನು ಇಟ್ಟುಕೊಂಡು, ವರ್ಷ ತುಂಬಿದ ದಿನ ಅದೇ ಹೊತ್ತಿಗೆ ವಾಪಸ್ ಕೊಡುತ್ತದೆ. ಹೆಜ್ಜೆಯನ್ನು ಮಾತ್ರ. ಮಾತಿಲ್ಲ, ಕೆಮ್ಮಿಲ್ಲ, ಬಳೆಯ ಸದ್ದೂ ಇಲ್ಲ.

ಇದರ ಜೊತೆ ಬಾಳುವುದು ನಮಗೆ ರೂಢಿಯಾಗಿದೆ. ಮದುವೆ ಮಾಡಿದ ಮನೆಯವರು ಮಾರನೇ ವರ್ಷ ಅದೇ ದಿನ ಬೀಗ ಹಾಕಿಕೊಂಡು ಸಿನಿಮಾಕ್ಕೆ ಹೋಗುತ್ತಾರೆ. ಖಾಲಿ ಅಂಗಳದಲ್ಲಿ ಊರಿಗೆ ಊರೇ ಊಟಕ್ಕೆ ನೂಕಾಡುವುದನ್ನು ಕೇಳಿಕೊಂಡು ಯಾರು ಕೂರುತ್ತಾರೆ? ರೇಷನ್ ಅಂಗಡಿಯ ಮುಂದೆ ಈ ವರ್ಷದ ಸಾಲಿನಲ್ಲಿ ನಿಂತವರಿಗೆ ಹೋದ ವರ್ಷದ ಸಾಲು ಹಿಂದಿನಿಂದ ತಳ್ಳುತ್ತಿರುವಂತೆ ಅನಿಸುತ್ತದೆ, ಸುಮ್ಮನೆ ಜಗಳಕ್ಕೆ ಬೀಳುತ್ತಾರೆ. ಎದುರು ಮನೆಯ ಪುಟ್ಟಸ್ವಾಮಿ ಸಕ್ಕರೆ ಕಾಯಿಲೆಗೆ ದಿನಾ ಬೆಳಿಗ್ಗೆ ವಾಕಿಂಗ್ ಮಾಡುತ್ತೇನೆ ಅಂತ ಹೆಂಡತಿಗೆ ಹೇಳಿ, ಗೇಟಿನ ಹತ್ತಿರ ಬೀಡಿ ಸೇದಿಕೊಂಡು ನಿಂತಿದ್ದದ್ದು ವರ್ಷ ತುಂಬುತ್ತಿದ್ದಂತೆ ಬಯಲಾಯಿತು. ಆಮೇಲೆ ಪಾಪ, ನಿಜವಾಗಿಯೂ ನಡೆಯತೊಡಗಿದ.

ಸಾವಿಗೂ ನಮ್ಮಲ್ಲೊಂದು ಪದ್ಧತಿಯಿದೆ. ಸತ್ತವರ ಮನೆಯ ಅಂಗಳವನ್ನು ವರ್ಷ ತುಂಬುವವರೆಗೆ ಯಾರೂ ಮುಟ್ಟುವುದಿಲ್ಲ. ಕೊನೆಯ ಹೆಜ್ಜೆ ಕೇಳುವ ದಿನ ನೆಂಟರಿಷ್ಟರು ಬಂದು ಅಂಗಳದ ಅಂಚಿಗೆ ಚಾಪೆ ಹಾಕಿಕೊಂಡು ಕೂರುತ್ತಾರೆ. ಕೇಳುತ್ತಾರೆ, ಅಳುವವರು ಅಳುತ್ತಾರೆ, ಮಜ್ಜಿಗೆ ಕುಡಿದು ಎದ್ದು ಹೋಗುತ್ತಾರೆ. "ಕೊನೇ ಹೆಜ್ಜೆಗೆ ಹೋಗಿದ್ದೆ" ಅಂದರೆ ಯಾರ ಮನೆಗೆ ಅಂತ ಮಾತ್ರ ಕೇಳುತ್ತಾರೆ, ಏನು ಅಂತ ಯಾರೂ ಕೇಳುವುದಿಲ್ಲ. ಆದರೆ ಈ ಪದ್ಧತಿ ಮನೆಯವರಿಗೆ. ಬಾಡಿಗೆಗಿದ್ದವರಿಗಿಲ್ಲ.

ತಾರಾಬಾಯಿ ನನ್ನ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜೀವನವೆಲ್ಲ ಕಂಡವರ ಮಾತಿಗೆ ತಂತಿ ಜೋಡಿಸಿ ಸಾಕಾಗಿದೆ ಅಂತ ಮನೆಯಲ್ಲಿ ಅಳೆದು ತೂಗಿ ಮಾತಾಡುತ್ತಿದ್ದರು. ನಾನು ಹೊಲಿಗೆ ಮಷಿನ್ ರಿಪೇರಿ ಮಾಡುವವಳು. ಅಪ್ಪನಿಂದ ಕಲಿತ ಕೆಲಸ, ಮದುವೆ ಗಿದುವೆ ಅಂತ ಬಿಡಿಸಿಕೊಂಡು ಹೋಗುವವರು ಯಾರೂ ಬರಲಿಲ್ಲ, ಹಾಗೇ ಕೈಯಲ್ಲಿ ಉಳಿಯಿತು. ಹೆಸರು ಕಮಲಾಕ್ಷಿ, ಊರಿಗೆಲ್ಲ ಮಷಿನಕ್ಕ. ನನ್ನ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಈ ಅಂಗಳ. ಸಂಜೆಯಾದರೆ ಎರಡು ಕುರ್ಚಿ ಹೊರಗೆ ಬರುತ್ತಿದ್ದವು. ನಾನು ಸಾರು ತಂದರೆ ಅವರು ಪಲ್ಯ ತರುತ್ತಿದ್ದರು. "ಮಷಿನ್‌ಗೆ ಬಿಡೋ ಎಣ್ಣೇನೇ ಸಾರಿಗೂ ಬಿಟ್ರಾ ಹೇಗೆ?" ಅನ್ನುತ್ತಿದ್ದರು, ಅಂದು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಕೊನೆಯವರೆಗೂ ನಾವು ಒಬ್ಬರನ್ನೊಬ್ಬರು ಬಹುವಚನದಲ್ಲೇ ಕರೆದೆವು. ನೆಂಟರಲ್ಲ, ಜಾತಿಯವರಲ್ಲ, ಜೊತೆಗೆ ಓದಿದವರಲ್ಲ. ಏನು ಅಂತ ಕೇಳಿದರೆ ಹೇಳುವುದಕ್ಕೆ ನನಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ.

ಅವರಿಗೆ ಬಲಗಾಲು ಸ್ವಲ್ಪ ಎಳೆತ. ಎಡಗಾಲು ಟಪ್ ಅಂತ ಬಿದ್ದರೆ ಬಲಗಾಲು ಸರ್ ಅಂತ ಹಿಂದೆ ಬರುತ್ತಿತ್ತು. ಮಳೆಗಾಲದಲ್ಲಿ ಅಂಗಳ ಜಾರುತ್ತದೆಂದು ಅವರೇ ಹಾಸುಗಲ್ಲು ತರಿಸಿ ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿದ್ದರು. "ಬಾಡಿಗೆ ಮನೆಗೆ ಯಾರಾದ್ರೂ ಕಲ್ಲು ಹಾಕಿಸ್ತಾರೇನ್ರೀ?" ಅಂತ ನಾನು ರೇಗಿದ್ದೆ. "ಬೀಳೋಳು ನಾನು ತಾನೆ" ಅಂದರು. "ಸರಿ, ಅಡಿಗೆ ಏನು ಹಾಕ್ಸೋದು?" ಅಂದರೆ, "ಅದನ್ನೆಲ್ಲ ನೋಡಿಟ್ಟು ಬಂದಿದ್ದೀನಿ, ನಿಧಾನಕ್ಕೆ ಹೇಳ್ತೀನಿ" ಅಂದಿದ್ದರು. ಆ ನಿಧಾನ ಬರಲಿಲ್ಲ. ಕಲ್ಲು ಬಂದ ತಿಂಗಳಿಗೇ ಹೋಗಿಬಿಟ್ಟರು.

ಅವರ ಅಣ್ಣನ ಮಗ ಅಂತ ಒಬ್ಬ ಬಂದ. ಟ್ರಂಕು, ರೇಡಿಯೋ, ಪಿಂಚಣಿ ಕಾಗದ ಎಲ್ಲ ಆಟೋಗೆ ಹಾಕಿಕೊಂಡ. "ಕಲ್ಲು ಬೇಕಾದ್ರೆ ನೀವೇ ಇಟ್ಕೊಳ್ಳಿ" ಅಂತ ಉದಾರವಾಗಿ ಹೇಳಿ ಹೊರಟುಹೋದ. ಸಾವಿಗೆ ಬಂದವರೆಲ್ಲ ಆ ಹುಡುಗನ ಕೈ ಹಿಡಿದು ಸಮಾಧಾನ ಹೇಳಿದರು. ನನಗೆ ಯಾರೋ, "ಪಾಪ, ಒಳ್ಳೇ ಬಾಡಿಗೆಯೋರು ಸಿಗೋದು ಕಷ್ಟ" ಅಂದರು. ಅಷ್ಟೆ.

ಆವತ್ತಿನಿಂದ ಹೋದ ವರ್ಷದ ತಾರಾಬಾಯಿ ದಿನಾ ಅಂಗಳದಲ್ಲಿ ಓಡಾಡುತ್ತಿದ್ದರು. ಬೆಳಿಗ್ಗೆ ಹಾಲಿಗೆ ಗೇಟಿಗೆ, ಗೇಟಿನಿಂದ ತುಳಸಿಗೆ, ಸಂಜೆ ಕುರ್ಚಿಗೆ. ನಾನೂ ಓಡಾಡುತ್ತಿದ್ದೆ, ಹೋದ ವರ್ಷದವಳು, ಅವರ ಹಿಂದೆ ಮುಂದೆ ದಡಬಡ ಅಂತ. ಕೇಳಿದವರು ಈ ಮನೆಯಲ್ಲಿ ಇಬ್ಬರಿದ್ದಾರೆ ಅಂದುಕೊಳ್ಳಬೇಕು. ಸಂಜೆ ಎರಡೂ ಹೆಜ್ಜೆ ಕುರ್ಚಿಗಳ ಹತ್ತಿರ ಬಂದು ನಿಂತು ಸುಮ್ಮನಾಗುತ್ತಿದ್ದವು. ಆ ಸುಮ್ಮನೆ ಇರುವ ಹೊತ್ತೇ ನನಗೆ ತಡೆಯಲಾಗುತ್ತಿರಲಿಲ್ಲ, ಯಾಕೆಂದರೆ ಆಗ ನಾವು ಮಾತಾಡುತ್ತಿದ್ದೆವು. ಎದ್ದು ಹೋಗಿ ಅವರ ರೂಮಿನ ಬೀಗದ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ. ಏನಕ್ಕೆ ಅಂದರೆ ಏನಕ್ಕೂ ಇಲ್ಲ. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೇ ನಿಲ್ಲುತ್ತಿದ್ದೆ. ದಿನಾ ನಿಲ್ಲುತ್ತಿದ್ದೆ.

ಯುಗಾದಿ ಆದ ಮೇಲೆ ರೂಮು ನೋಡಲು ಚಂದ್ರಕಾಂತ ಅನ್ನುವ ಹುಡುಗ ಬಂದ. ಹೊರಗಿನ ಊರಿನವನು, ಇಲ್ಲಿನ ಔಷಧಿ ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ತಾಯಿಯನ್ನು ಕರೆದುಕೊಂಡು ಬರಬೇಕು, ಆಕೆಗೆ ಮಂಡಿ ಆಪರೇಷನ್ ಆಗಿದೆ.

"ರೂಮು ಚೆನ್ನಾಗಿದೆ ಆಂಟಿ. ಅಂಗಳ ಒಂದು ಮಟ್ಟ ಆಗ್ಬೇಕು. ಅಮ್ಮ ವಾಕರ್ ಹಿಡ್ಕೊಂಡು ನಡೀತಾರೆ."

"ಕಲ್ಲು ಬಂದು ಬಿದ್ದಿದೆಯಪ್ಪ, ಹಾಸೋದೊಂದು ಬಾಕಿ."

ಅವನು ಮಾತಾಡುವಾಗಲೇ ತುಳಸಿಯ ಕಡೆಯಿಂದ ಟಪ್, ಸರ್ ಅಂತ ಕೇಳಿಸಿತು. ಹುಡುಗ ಕಾಲು ಹಿಂದಕ್ಕೆ ತೆಗೆದುಕೊಂಡ. "ಅಡಿಗೆ ಕಾಂಕ್ರೀಟ್ ಹಾಕಿಸಿಬಿಡಿ ಆಂಟಿ. ಯಾರ್ಯಾರದ್ದೋ ಹೆಜ್ಜೆ ಕೇಳಿದ್ರೆ ಅಮ್ಮ ಹೆದರ್ಕೋತಾರೆ. ನಮಗೆ ಇದೆಲ್ಲ ಅಭ್ಯಾಸ ಇಲ್ಲ."

"ಯಾರ್ಯಾರದ್ದೋ ಅಲ್ಲ" ಅಂದೆ.

ಅವರು ಆಗಿದ್ದ ಬಾಡಿಗೆ ಮನೆ ಮಾರಾಟವಾಗಿತ್ತು, ಮುಂದಿನ ತಿಂಗಳ ಮೊದಲಿಗೇ ಬಿಡಬೇಕು. ತಾರಾಬಾಯಿಯ ಕೊನೆಯ ಹೆಜ್ಜೆ ಅದಾದ ಮೇಲಿನ ವಾರ. ಸ್ವಲ್ಪ ತಡವಾಗಿ ಬಂದರೆ ಆಗುವುದಿಲ್ಲವೇ ಅಂತ ಕೇಳಿ ನೋಡಿದೆ. ತಾಯಿಯನ್ನು ಬೀದಿಯಲ್ಲಿ ಕೂರಿಸಲೇ ಅಂದ. ಅವನದ್ದೂ ಸುಳ್ಳಲ್ಲ. ಒಳ್ಳೆಯ ಹುಡುಗ, ಹೋಗುವಾಗ ಗೇಟಿನ ಚಿಲಕ ಹಾಕಿಕೊಂಡು ಹೋದ. ತಾಯಿ ಚೌಕಾಬಾರ ಚೆನ್ನಾಗಿ ಆಡುತ್ತಾರಂತೆ. ಆ ರೂಮಿನಲ್ಲಿ ದೀಪ ಹತ್ತುವುದು, ಸಂಜೆ ಇನ್ನೊಂದು ಕುರ್ಚಿ ಹೊರಗೆ ಬರುವುದು, ಇವೆಲ್ಲ ನನ್ನ ಕಣ್ಣ ಮುಂದೆ ಬಂದವು.

ನಿಜ ಹೇಳುತ್ತೇನೆ, ಕಾಂಕ್ರೀಟು ಸುರಿದು ಕೈ ತೊಳೆದುಕೊಂಡುಬಿಡೋಣ ಅಂತ ನನಗೂ ಅನಿಸಿತ್ತು. ಅದಕ್ಕೆ ಕಾರಣ ಆ ಹುಡುಗನೊಬ್ಬನೇ ಅಲ್ಲ. ತಾರಾಬಾಯಿ ಹೋದ ದಿನ ನಾನು ಊರಲ್ಲಿರಲಿಲ್ಲ. ಚಿಕ್ಕಪ್ಪನ ಮೊಮ್ಮಗಳ ಮದುವೆಗೆಂದು ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದೆ. ಬೀಗ ಹಾಕಿ ಚೀಲ ಎತ್ತಿಕೊಂಡಾಗ ಅವರು ಗೇಟಿನವರೆಗೆ ಬಂದು, "ಚಿರೋಟಿ ಕಟ್ಟಿಸ್ಕೊಂಡು ಬನ್ನಿ" ಅಂದಿದ್ದರು. ನಾನು ವಾಪಸ್ ಬರುವ ಹೊತ್ತಿಗೆ ಅಂಗಳದಲ್ಲಿ ಜನ. ರೂಮಿನಲ್ಲಿ ಕುರ್ಚಿಗೆ ಒರಗಿದ ಹಾಗೇ ಹೋಗಿದ್ದರು. ಡಾಕ್ಟರು, ಬೆಳಿಗ್ಗೆಯಿಂದ ಎದೆ ನೋವು ಇದ್ದಿರಬೇಕು, ಯಾರಾದರೂ ಹತ್ತಿರ ಇದ್ದಿದ್ದರೆ ಅಂದು ಅಲ್ಲಿಗೇ ನಿಲ್ಲಿಸಿದರು. ಆ ಅರ್ಧ ಮಾತು ವರ್ಷಪೂರ್ತಿ ನನ್ನ ಕಿವಿಯಲ್ಲಿ ಕೂತಿದೆ. ಅವರು ನನ್ನನ್ನು ಕರೆಯಲು ಬಂದರೇ? ನೋವಿನಲ್ಲಿ, ನಾನಿಲ್ಲದ್ದು ಮರೆತು, ಕಾಲೆಳೆದುಕೊಂಡು ನನ್ನ ಬಾಗಿಲಿಗೆ ಓಡಿ ಬಂದರೇ? ಬಂದಿದ್ದರೆ ಆ ಹೆಜ್ಜೆ ಮಣ್ಣಿನಲ್ಲಿದೆ. ಆ ದಿನ ಬಂದಾಗ ಕೇಳಿಸುತ್ತದೆ. ಕಾಂಕ್ರೀಟು ಹಾಕಿದರೆ ಕೇಳಿಸುವುದಿಲ್ಲ. ನನಗೆ ತಿಳಿಯಲೂಬೇಕಿತ್ತು, ತಿಳಿಯುವುದೂ ಬೇಡವಾಗಿತ್ತು. ಭಯವಾಗಿತ್ತು ನನಗೆ.

ದಸ್ತಗೀರ್ ಸಾಬರ ಮರಳು ಜಲ್ಲಿ ಡಿಪೋ ಕೆರೆ ದಂಡೆಯ ಪಕ್ಕ. ಸಾಬರು ಗೇಟಿನ ಒಳಗೇ ನಾಲ್ಕು ಚೌಕ ಮಾಡಿ, ಒಂದರಲ್ಲಿ ಜಲ್ಲಿ, ಒಂದರಲ್ಲಿ ಕಾಂಕ್ರೀಟು, ಒಂದರಲ್ಲಿ ಮರಳು, ಒಂದರಲ್ಲಿ ಕಲ್ಲು ಒಡೆಯುವಲ್ಲಿ ಸಿಗುವ ಕ್ರಷರ್ ಪುಡಿ ಹಾಕಿ, ಮೇಲೆ ಕಲ್ಲು ಹಾಸಿಟ್ಟಿದ್ದಾರೆ. ಬಂದ ಗಿರಾಕಿ ಎಲ್ಲದರ ಮೇಲೂ ನಡೆದು ನೋಡಬೇಕು. ಮುಂದಿನ ವರ್ಷ ಬರುವ ಗಿರಾಕಿಗೆ ಆ ನಡಿಗೆಯೇ ಕೇಳಿಸುತ್ತದೆ. ಹೋದ ವರ್ಷದ ಗಿರಾಕಿಗಳೇ ನನ್ನ ಜಾಹೀರಾತು ಅನ್ನುತ್ತಾರೆ ಸಾಬರು.

"ಕಾಂಕ್ರೀಟ್ ಹಾಕ್ಸಿ ನಿಶ್ಚಿಂತೆಯಾಗಿರಿ ಮಷಿನಕ್ಕ" ಅಂದರು. "ಊರೆಲ್ಲ ಈಗ ಅದನ್ನೇ ಹಾಕ್ಸೋದು. ಒಂದು ಸದ್ದು ಮೇಲೆ ಬರಲ್ಲ. ಜಲ್ಲಿ ಬೇಡ, ಒಬ್ರು ನಡೆದಿದ್ದು ನಾಕು ಜನ ನಡೆದಂಗೆ ಒಡೆದು ಬರುತ್ತೆ. ಬರೀ ಮರಳು ಹಾಕಿದ್ರೆ ಸದ್ದು ಬರುತ್ತೆ, ಯಾರದ್ದು ಅಂತ ಗುರುತು ಸಿಗಲ್ಲ, ಒಂದು ಮಳೆಗೆ ಕಲ್ಲೂ ಕುಣಿಯುತ್ತೆ."

"ಪುಡಿ?"

"ಪುಡಿ ಒಳ್ಳೇದೇ. ನೀರು ಹಾಕಿ ದಮ್ಮಸ್ಸು ಮಾಡಿದ್ರೆ ಗಟ್ಟಿ ಕೂರುತ್ತೆ. ಆದ್ರೆ ಎಲ್ಲ ಕೇಳುತ್ತೆ, ಇದ್ದದ್ದು ಇದ್ದಂಗೇ. ಅದಕ್ಕೇ ಯಾರೂ ಒಯ್ಯಲ್ಲ. ಹೋದ ವರ್ಷ ನಿಮ್ಮ ಟೆಲಿಫೋನ್ ಅಮ್ಮ ಬಂದಿದ್ರಲ್ಲ, ಎಲ್ಲದರ ಮೇಲೂ ನಡೆದು ನೋಡಿದ್ರು."

ನಾನು ಚೀಲ ಕೆಳಗಿಟ್ಟೆ. "ಯಾವತ್ತು ಬಂದಿದ್ರು?"

ಸಾಬರು ತಲೆ ಕೆರೆದುಕೊಂಡರು. ಹೋದ ವರ್ಷ ಲಾರಿ ಆಕ್ಸಲ್ ಮುರಿದು ಗೇಟಿಗೆ ಅಡ್ಡ ನಿಂತಿದ್ದ ದಿನ, ಆಯಮ್ಮ ಸಂದಿಯಲ್ಲಿ ನುಸುಳಿ ಒಳಗೆ ಬಂದಿದ್ದು ಅಂದರು. ಲಾರಿ ರಿಪೇರಿಯವನನ್ನು ಕೂಗಿ ಕೇಳಿದರು. ಅವನು, ಆವತ್ತು ನನ್ನ ಮಗಳ ನಾಮಕರಣ, ಅರ್ಧಕ್ಕೆ ಎಬ್ಬಿಸಿಕೊಂಡು ಬಂದಿದ್ದಿರಿ, ನಾಳೆಗೆ ವರ್ಷ ಅಂದ. "ನಾಳೆ ಮಧ್ಯಾಹ್ನ ಬಂದುಬಿಡಿ ಅಕ್ಕ" ಅಂದರು ಸಾಬರು. ನಮ್ಮೂರಲ್ಲಿ ಇಂಥದ್ದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ಮಾರನೇ ದಿನ ಮಧ್ಯಾಹ್ನ ಡಿಪೋಗೆ ಹೋದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಸಾಬರು ನನಗೊಂದು ಸ್ಟೂಲು ಹಾಕಿ, ಜಲ್ಲಿ ತುಂಬುತ್ತಿದ್ದವರಿಗೆ ಸ್ವಲ್ಪ ಹೊತ್ತು ಸಲಿಕೆ ಇಡಿರೋ ಅಂದರು. ಗೇಟಿನ ಕಡೆಯಿಂದ ಬಂತು. ಟಪ್, ಸರ್. ನನ್ನ ಅಂಗಳದಲ್ಲಿ ದಿನಾ ಕೇಳುವ ಹೆಜ್ಜೆಯೇ, ಆದರೆ ಹೊರಗಿನ ಜಾಗದಲ್ಲಿ ಕೇಳಿದಾಗ, ಪೇಟೆಯಲ್ಲಿ ಮನೆಯವರು ಕಣ್ಣಿಗೆ ಬಿದ್ದ ಹಾಗೆ ಥಟ್ಟನೆ ಆ ಕಡೆ ತಿರುಗಿದೆ. ಮೊದಲು ಜಲ್ಲಿಯ ಚೌಕ ಹತ್ತಿದರು. ಒಂದು ದಂಡು ಕುಂಟಿಯರು ಒಟ್ಟಿಗೆ ಹೊರಟ ಹಾಗೆ ಗಲಾಟೆಯಾಯಿತು. ಸಾಬರು ನಕ್ಕರು, ನಾನೂ ನಕ್ಕೆ. ತಾರಾಬಾಯಿ ಇದ್ದಿದ್ದರೆ ಅವರೂ ನಗುತ್ತಿದ್ದರು. ಆಮೇಲೆ ಸದ್ದೇ ಇಲ್ಲ. ಕಾಂಕ್ರೀಟಿನ ಮೇಲೆ ಇದ್ದಾರೆ ಅಂತ ಸಾಬರು ಕೈಸನ್ನೆ ಮಾಡಿದರು. ಆ ಚೌಕವನ್ನೇ ನೋಡುತ್ತ ಕೂತೆ. ಅವರು ಅಲ್ಲಿ ನಡೆಯುತ್ತಿದ್ದಾರೆ, ನನಗೆ ಕೇಳಿಸುತ್ತಿಲ್ಲ. ಸತ್ತ ಸುದ್ದಿ ಕೇಳಿದಾಗಲೂ ನನಗೆ ಹಾಗಾಗಿರಲಿಲ್ಲ, ಆಗ ಜನರಿದ್ದರು. ಈಗ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ಮರಳಿನ ಚೌಕದಲ್ಲಿ ಯಾರೋ ಬಟ್ಟೆ ಎಳೆದ ಹಾಗೆ ಸದ್ದಾಯಿತು. ಕೊನೆಗೆ ಪುಡಿಯ ಚೌಕ. ಟಪ್, ಸರ್. ಸ್ಪಷ್ಟವಾಗಿ, ನನ್ನ ಪಕ್ಕದಲ್ಲೇ. ಆ ತುದಿಗೆ ಹೋದರು, ಈ ತುದಿಗೆ ಬಂದರು, ಮತ್ತೆ ಹೋದರು. ಬೇಕಾದ ಸೀರೆ ಸಿಕ್ಕ ಮೇಲೂ ಇನ್ನೊಂದು ಸಲ ಮಡಿಕೆ ಬಿಚ್ಚಿ ನೋಡುವವರ ಹಾಗೆ. ಆಮೇಲೆ ನಿಂತರು.

"ಈಗ ನೆನಪಾಯ್ತು ನೋಡಿ" ಅಂದರು ಸಾಬರು. "ಇಲ್ಲೇ ನಿಂತು ಕೇಳಿದ್ದು ಆಯಮ್ಮ. ಮುಂದಿನ ಮನೆಯೋರು ಅಂಗಳದಲ್ಲಿ ಓಡಾಡಿದ್ರೆ ಹಿಂದಿನ ರೂಮಿಗೆ ಕೇಳುತ್ತಾ ಅಂತ. ನಿಮ್ಮ ಮಷಿನ್ ಸದ್ದು, ನಿಮ್ಮ ಓಡಾಟ ತಲೆನೋವಾಗಿರ್ಬೇಕು ಅನ್ಕೊಂಡು, ಹಂಗಾದ್ರೆ ಕಾಂಕ್ರೀಟೇ ಹಾಕ್ಸಿ ಅಂದೆ. ಆಯಮ್ಮ ಬೇಡ ಅಂದ್ರು. ಇದೇ ಇರ್ಲಿ, ಇದ್ರಲ್ಲಿ ಕೇಳುತ್ತೆ ಅಂದ್ರು."

ನಾನು ಸ್ಟೂಲಿನಿಂದ ಎದ್ದೆ. ಎದ್ದವಳು, "ಪುಡಿಯನ್ನೇ ಕಳಿಸಿ" ಅಂದೆ.

ಚಂದ್ರಕಾಂತನಿಗೆ ಫೋನ್ ಮಾಡಿ, ಅಂಗಳ ಮಟ್ಟವಾಗುತ್ತದೆ, ವಾಕರ್ ಉರುಳದಂತೆ ನಾನೇ ನಿಂತು ಹಾಸುತ್ತೇನೆ, ಆದರೆ ಕಾಂಕ್ರೀಟು ಹಾಕುವುದಿಲ್ಲ ಅಂದೆ. ಅವನು, "ಆಗ್ಲಿ ಆಂಟಿ, ನಾವು ಬೇರೆ ಕಡೆ ನೋಡ್ಕೋತೀವಿ" ಅಂದ. ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೂ ಸುಲಭವಾಗುತ್ತಿತ್ತು. ಫೋನ್ ಇಟ್ಟ ಮೇಲೆ ಅವನ ತಾಯಿಯ ಹೆಸರು ಕೇಳಿರಲಿಲ್ಲ ಅನ್ನುವುದು ನೆನಪಾಯಿತು.

ಕೆಲಸಕ್ಕೆ ಯಾರನ್ನೂ ಕರೆಯಲಿಲ್ಲ. ಮಷಿನ್ ಬಿಚ್ಚಿ ಕೂಡಿಸುವ ಕೈಗೆ ಇದೇನು ಮಹಾ ಅಂತ ಹುಮ್ಮಸ್ಸಿನಲ್ಲಿ ಗುದ್ದಲಿ ಹಿಡಿದೆ. ಮೊದಲ ದಿನವೇ ಸೊಂಟ ನನ್ನ ವಯಸ್ಸನ್ನು ಹೇಳಿತು. ಒಂದು ಗೇಣು ಆಳಕ್ಕೆ ಮಣ್ಣು ತೆಗೆಯಬೇಕು. ಮೇಲಿನ ಮಣ್ಣು ತೆಗೆದರೆ ಹೆಜ್ಜೆ ಹೋಗುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ, ಅದು ಬಾವಿಯ ನೀರಿನ ಹಾಗೆ ಕೆಳಗೇ ಇರುತ್ತದೆ. ಅಗೆಯುತ್ತಿರುವಾಗಲೇ ತಾರಾಬಾಯಿ ಗೇಟಿನ ಕಡೆಯಿಂದ ಬರುತ್ತಿದ್ದರು. ನಾನು ಗುದ್ದಲಿಯನ್ನು ಪಕ್ಕಕ್ಕೆಳೆದುಕೊಂಡು ದಾರಿ ಬಿಡುತ್ತಿದ್ದೆ. ಗುಂಡಿಯ ಮೇಲೆ ಅವರ ಹೆಜ್ಜೆ ನೆಲವಿದ್ದ ಹಾಗೇ ಹಾದು ಹೋಗುತ್ತಿತ್ತು.

ಪುಡಿ ಬಂತು. ಸುರಿದು, ನೀರು ಚಿಮುಕಿಸಿ, ದಮ್ಮಸ್ಸಿನಿಂದ ಬಡಿದೆ. ಬಡಿದಷ್ಟೂ ಇಳಿಯುತ್ತಿತ್ತು, ಇಳಿದಷ್ಟೂ ಸುರಿದೆ. ಪುಟ್ಟಸ್ವಾಮಿಯ ಹೆಂಡತಿ ಗೋಡೆಯ ಮೇಲಿಂದ ಇಣುಕಿ, "ಕಾಂಕ್ರೀಟ್ ಹಾಕ್ಸಿದ್ರೆ ಒಂದು ದಿನದ ಕೆಲ್ಸ ಇತ್ತಲ್ಲ ಮಷಿನಕ್ಕ, ಯಾಕೆ ಈ ಒದ್ದಾಟ?" ಅಂದಳು. ಅವಳಿಗೆ ಕೇಳಲು ಗಂಡನ ಹೆಜ್ಜೆ ಮನೆ ತುಂಬ ಇದೆ, ಅವಳಿಗೇನು ಹೇಳುವುದು? "ವ್ಯಾಯಾಮ ಆಗುತ್ತಲ್ಲಮ್ಮ" ಅಂದೆ.

ಕಲ್ಲು ಕೂರಿಸುವಾಗ ದೊಡ್ಡ ಎಡವಟ್ಟು ಮಾಡಿದೆ. ಇಳಿಜಾರು ಬಿಡುವುದು ಗೊತ್ತಿತ್ತು, ಯಾವ ಕಡೆಗೆ ಅನ್ನುವುದನ್ನು ಯೋಚಿಸಲಿಲ್ಲ. ಅರ್ಧ ಅಂಗಳ ಮುಗಿದ ಮೇಲೆ ಒಂದು ಕೊಡ ನೀರು ಸುರಿದು ನೋಡಿದರೆ, ನೀರು ಸೀದಾ ತಾರಾಬಾಯಿಯ ಹೊಸ್ತಿಲಿಗೆ ಹೋಗಿ ನಿಂತಿತು. ಖಾಲಿ ರೂಮು, ನಿಂತರೆ ನಿಲ್ಲಲಿ ಅಂತ ಇನ್ನೊಬ್ಬರಾಗಿದ್ದರೆ ಬಿಡುತ್ತಿದ್ದರು. ನಾನು ಅಷ್ಟೂ ಕಲ್ಲು ಎಬ್ಬಿಸಿ, ಪುಡಿ ಕೆದಕಿ, ರಸಮಟ್ಟ ಇಟ್ಟು, ಗೇಟಿನ ಕಡೆಗೆ ಇಳಿಜಾರು ತಿರುಗಿಸಿ ಮತ್ತೆ ಹಾಸಿದೆ. ಬೆರಳಿನ ಉಗುರು ಒಂದು ಕಪ್ಪಾಯಿತು. ಕಲ್ಲುಗಳ ಸಂದಿಗೆಲ್ಲ ಪುಡಿ ಗುಡಿಸಿ ತುಂಬಿದ ದಿನ ಮೇಲೆ ಹತ್ತಿ ಕುಣಿದೆ. ಒಂದು ಕಲ್ಲೂ ಅಲ್ಲಾಡಲಿಲ್ಲ. ನೋಡಲು ಯಾರಾದರೂ ಇರಬೇಕಿತ್ತು ಅನಿಸಿತು.

ಕೊನೆಯ ಹೆಜ್ಜೆಯ ಹಿಂದಿನ ಸಂಜೆ ಹೋದ ವರ್ಷದ ನನ್ನ ಹೆಜ್ಜೆಯೇ ಕೇಳಿಸಿತು. ದಡಬಡ ಗೇಟಿಗೆ ಹೋದೆ, ಜೊತೆಗೆ ಟಪ್, ಸರ್. ಗೇಟಿನ ಹತ್ತಿರ ಒಂದು ಗಳಿಗೆ ಇಬ್ಬರೂ ನಿಂತೆವು. ಅದು ಚಿರೋಟಿಯ ಮಾತು. ಆಮೇಲೆ ನಾನು ಹೋಗಿಬಿಟ್ಟೆ, ಅವರು ವಾಪಸ್ ಬಂದರು. ಅಲ್ಲಿಂದ ಮುಂದಿನದೆಲ್ಲ ನಾನಿಲ್ಲದ ಅಂಗಳ.

ಬೆಳಿಗ್ಗೆ ಎದ್ದು ಸ್ನಾನ ಮಾಡಿ ಮಜ್ಜಿಗೆ ಕಡೆದೆ. ಯಾರೂ ಬರುವುದಿಲ್ಲ ಅಂತ ಗೊತ್ತಿತ್ತು. ಆದರೂ ಇಂಗು ಕರಿಬೇವು ಹಾಕಿ ಒಗ್ಗರಣೆ ಕೊಟ್ಟೆ, ಲೋಟಗಳನ್ನು ತೊಳೆದಿಟ್ಟೆ, ಅಂಗಳದ ಅಂಚಿಗೆ ಚಾಪೆ ಹಾಸಿದೆ. ಎರಡು ಕುರ್ಚಿಯನ್ನೂ ತಂದಿಟ್ಟೆ. ಕೂತು ಕಾದೆ. ಮೋಡ ಕವಿಯುತ್ತಿತ್ತು, ಹೋದ ವರ್ಷದ ಹಾಗೇ.

ಅವರ ಬಾಗಿಲಿನಿಂದ ಹೆಜ್ಜೆ ಹೊರಟಿತು. ಕಲ್ಲಿನ ಮೇಲೆ, ಪುಡಿಯ ಮೂಲಕ, ಇದ್ದದ್ದು ಇದ್ದ ಹಾಗೇ. ಓಡುತ್ತಿರಲಿಲ್ಲ. ಅದೇ ಮೊದಲು ನನಗೆ ಗೊತ್ತಾದದ್ದು. ದಿನದ ನಡಿಗೆಗಿಂತ ನಿಧಾನ, ನಡುವೆ ಒಂದೆರಡು ಸಲ ನಿಂತು ಸುಧಾರಿಸಿಕೊಂಡು, ಸೀದಾ ನನ್ನ ಬಾಗಿಲಿಗೆ ಬಂತು. ಬಂದು ನಿಂತಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಈಗ ಹಿಂದಕ್ಕೆ ಸರಿಯುತ್ತಾರೆ, ಆಚೆ ಈಚೆ ನೋಡುತ್ತಾರೆ, ಗೇಟಿಗೆ ಹೋಗಿ ಯಾರನ್ನಾದರೂ ಕೂಗುತ್ತಾರೆ ಅಂತ ಕಾದೆ. ಗೇಟಿನ ಕಡೆ ಹೋಗಲಿಲ್ಲ. ಬಾಗಿಲ ಮುಂದೆ ಸುಮ್ಮನೆ ನಿಂತಿದ್ದರು. ಕಾಲು ಬದಲಿಸಿದಾಗ ಸಣ್ಣಗೆ ಸರ್ ಅಂತು, ಮತ್ತೆ ನಿಂತರು.

ಬೀಗ ಹಾಕಿದ್ದು ಅವರೇ ನೋಡಿದ್ದರಲ್ಲ. ನನ್ನ ಚೀಲ ನೋಡಿದ್ದರು, ಚಿರೋಟಿ ಬೇಡಿದ್ದರು. ನಾನಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಂದು ಬೀಗದ ಮುಂದೆ ನಿಂತಿದ್ದರು. ಹಾಗೆ ನಿಲ್ಲುವುದು ಏನಕ್ಕೆ ಅಂತ ಊರಲ್ಲಿ ಇನ್ನು ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯುತ್ತದೆ. ವರ್ಷಪೂರ್ತಿ ದಿನಾ ನಾನು ಮಾಡಿದ್ದು ಅದನ್ನೇ.

ಆಮೇಲೆ ಹೆಜ್ಜೆ ಬಟ್ಟೆ ಹಗ್ಗದ ಕಡೆ ತಿರುಗಿತು. ಅಲ್ಲಿ ನಿಂತು, ಸ್ವಲ್ಪ ಸರಿದು, ಮತ್ತೆ ನಿಂತು, ಹಗ್ಗದ ಉದ್ದಕ್ಕೂ ಹೋಯಿತು. ನನ್ನ ಬಾಗಿಲಿಗೆ ವಾಪಸ್ ಬಂತು. ಆವತ್ತು ನಾನು ಊರಿಂದ ಬಂದಾಗ ಮಳೆ ಬಂದು ಹೋಗಿತ್ತು, ಆದರೆ ನಾನು ಹಗ್ಗದ ಮೇಲೇ ಮರೆತು ಹೋಗಿದ್ದ ಸೀರೆಗಳು ಹೊಸ್ತಿಲ ಮೇಲೆ ಮಡಿಸಿಟ್ಟಿದ್ದವು, ಒಂದೂ ನೆನೆದಿರಲಿಲ್ಲ. ಪುಟ್ಟಸ್ವಾಮಿಯ ಹೆಂಡತಿ ತೆಗೆದಿಟ್ಟಿರಬೇಕು ಅಂದುಕೊಂಡು ಅವಳಿಗೆ ಒಂದು ಬಾಳೆಗೊನೆಯನ್ನೇ ಕಳಿಸಿದ್ದೆ. ಅವಳು ಏನೂ ಹೇಳದೆ ಇಟ್ಟುಕೊಂಡಿದ್ದಳು, ಅದು ಬೇರೆ ಮಾತು.

ತಾರಾಬಾಯಿ ಇನ್ನು ರೂಮಿಗೆ ಹೊರಟರು. ರೂಮಿನೊಳಗೆ ಹಳೇ ಸಿಮೆಂಟಿನ ನೆಲ, ಅಲ್ಲಿಂದಾಚೆ ಏನೂ ಕೇಳುವುದಿಲ್ಲ. ಉಳಿದದ್ದು ಈ ಅಂಗಳದ ಉದ್ದ ಮಾತ್ರ. ನಾನು ಚಾಪೆಯಿಂದ ಎದ್ದೆ, ಚಪ್ಪಲಿ ಮೆಟ್ಟಿದೆ. ಅವರ ಹೆಜ್ಜೆಯ ಪಕ್ಕಕ್ಕೆ ಹೋಗಿ ನನ್ನ ಹೆಜ್ಜೆ ಇಟ್ಟೆ. ಟಪ್ ಅಂದಾಗ ನಾನೊಂದು ಹೆಜ್ಜೆ, ಸರ್ ಅಂದಾಗ ಕಾಯುವುದು. ನನಗೆ ನಿಧಾನ ನಡೆಯುವುದು ಯಾವತ್ತೂ ಬಂದದ್ದಲ್ಲ, ಅವರ ಕೈಲಿ ಅದಕ್ಕೆ ಬೈಸಿಕೊಂಡವಳು. ಆವತ್ತು ಬಂತು. ಅವರು ಸುಧಾರಿಸಿಕೊಳ್ಳಲು ನಿಂತಲ್ಲಿ ನಾನೂ ನಿಂತೆ. "ಅವಸರ ಇಲ್ಲ ಬಿಡಿ, ನಾನೂ ಇದ್ದೀನಿ" ಅಂದೆ. ಮೋಡ ಗುಡುಗಿತು. ಹೊಸ್ತಿಲ ಹತ್ತಿರ ಅವರ ಹೆಜ್ಜೆ ಒಂದು ಸಲ ಅಂಗಳದ ಕಡೆಗೆ ತಿರುಗಿತು. ಆಮೇಲೆ ಎಡಗಾಲು ಎತ್ತಿ ಒಳಗಿಟ್ಟರು. ಬಲಗಾಲು ಸರ್ ಅಂತ ಹಿಂದೆ ಹೋಯಿತು. ಅಷ್ಟೇ.

ಮಳೆ ಬಂತು. ನೀರು ಗೇಟಿನ ಕಡೆಗೇ ಹರಿಯಿತು, ಹೊಸ್ತಿಲಿಗೆ ಒಂದು ತೊಟ್ಟೂ ಹೋಗಲಿಲ್ಲ. ಕುರ್ಚಿಗಳನ್ನು ಒಳಗಿಟ್ಟು, ಕಡೆದ ಮಜ್ಜಿಗೆಯನ್ನು ನಾನೇ ಕುಡಿದೆ. ಅಳುವಷ್ಟು ಅತ್ತೆ. ಸಾವಿಗೆ ಬಂದವರ ಓಡಾಟ ಕೇಳಿ ಮುಗಿದರೆ, ಇನ್ನು ಈ ಅಂಗಳದಲ್ಲಿ ಕೇಳುವುದು ನನ್ನ ಹೆಜ್ಜೆಯೊಂದೇ, ಹೋದ ವರ್ಷದ್ದೂ ಈ ವರ್ಷದ್ದೂ. ಊರಲ್ಲಿ ಯಾರಾದರೂ, ಇಷ್ಟಕ್ಕೆ ಆ ಪುಡಿ ಯಾಕೆ ಹಾಕಿಸಿದೆ, ಒಬ್ಬಳ ಹೆಜ್ಜೆ ಕೇಳಿಕೊಂಡು ಏನು ಮಾಡುತ್ತೀಯ ಅಂದರೆ ಅಂದುಕೊಳ್ಳಲಿ. ಮುಂದಿನ ವರ್ಷ ಇದೇ ದಿನ ನಾನು ಚಾಪೆ ಹಾಸಿ ಕೂರುತ್ತೇನೆ. ಆಗ ನನ್ನ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಬ್ಬಳು ನಡೆದು ಹೋಗುವುದು ಕೇಳುತ್ತದೆ, ನಿಧಾನಕ್ಕೆ, ಅಲ್ಲಲ್ಲಿ ಕಾದು ನಿಂತು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು.